ಶ್ವಾಸಕೋಶದ ಕಲೆ, ರಕ್ತದ ಲೆಕ್ಕ

ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ವೈದ್ಯರ ಲೇಖನಗಳ ನಡುವೆ ಬ್ಯಾಂಕ್ ಅಧಿಕಾರಿಯೊಬ್ಬನ ಬರೆಹವನ್ನು ಕಂಡು ವಾಚಕರು ಅಚ್ಚರಿಪಟ್ಟರೆ ಅದು ಸಹಜವೇ. ನಾನು ವಾಣಿಜ್ಯಶಾಸ್ತ್ರದ ಪದವೀಧರ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಜಮಾ-ಖರ್ಚಿನ ಲೆಕ್ಕಗಳ ನಡುವೆಯೇ ಕಾಲ ಕಳೆದವನು. ವೈದ್ಯಕೀಯ ವಿಷಯವನ್ನು ಕುರಿತು ಬರೆಯಲು ನನಗಿರುವ ಅರ್ಹತೆ ಒಂದೇ: ನಾನು ರೋಗಿ. ಅದರಲ್ಲಿಯೂ, ಅಂಕಿ-ಸಂಖ್ಯೆಗಳು ತನಗೆ ಚೆನ್ನಾಗಿ ತಿಳಿದಿವೆಯೆಂಬ ಹಮ್ಮಿನಿಂದ ತನ್ನದೇ ರಕ್ತಪರೀಕ್ಷೆಯ ವರದಿಯನ್ನು ತಪ್ಪಾಗಿ ಓದಿ ಪೇಚಿಗೆ ಸಿಲುಕಿದ ರೋಗಿ. ಅಂಥ ತಪ್ಪು ನಮ್ಮ ಸಂಘದ ಇತರ ಬಂಧುಗಳಿಂದ ಆಗದಿರಲಿ ಎಂಬ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ಬರೆಯಲು ಧೈರ್ಯ ಮಾಡಿದ್ದೇನೆ.

ಕ್ಷಯವೆಂದು ಭಾವಿಸಿದ ದಿನಗಳು

ಡೊಂಬಿವಲಿಯಿಂದ ಮುಂಬಯಿಯ ಫೋರ್ಟ್ ಭಾಗದ ಕಚೇರಿಗೆ ನಿತ್ಯವೂ ಲೋಕಲ್ ರೈಲಿನಲ್ಲಿ ಹೋಗಿ ಬರುವ ನನಗೆ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳೇ ಮೊದಲ ಎಚ್ಚರಿಕೆಯನ್ನು ಕೊಟ್ಟವು. ಒಂದೇ ಉಸಿರಿಗೆ ಹತ್ತುತ್ತಿದ್ದ ಮೆಟ್ಟಿಲುಗಳ ನಡುವೆ ಎರಡು ಸಲ ನಿಲ್ಲುವಂತಾಯಿತು. ಒಣ ಕೆಮ್ಮು, ಸಂಜೆಯ ಹೊತ್ತಿಗೆ ಮೈಯೆಲ್ಲ ಸೋತಂತಾಗುವ ದಣಿವು, ತೂಕದಲ್ಲಿ ಇಳಿತ. ಎಕ್ಸ್‌-ರೇ ಚಿತ್ರದಲ್ಲಿ ಎದೆಯ ನಡುವೆ ಎರಡೂ ಬದಿಯ ದುಗ್ಧಗ್ರಂಥಿಗಳು ಊದಿಕೊಂಡಿದ್ದವು. ಶ್ವಾಸಕೋಶಗಳಲ್ಲಿಯೂ ಅಲ್ಲಲ್ಲಿ ಮಸುಕು ಕಾಣುತ್ತಿತ್ತು. ನೋಡಿದ ವೈದ್ಯರು ಕ್ಷಯವೆಂದು ನಿರ್ಣಯಿಸಿ ಮಾತ್ರೆಗಳನ್ನು ಆರಂಭಿಸಿದರು. ಅವರನ್ನು ದೂರುವುದು ಸಲ್ಲದು. ಕ್ಷಯವು ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅಂಥ ಚಿತ್ರವನ್ನು ನೋಡಿದವರಿಗೆ ಮೊದಲು ಹೊಳೆಯುವುದು ಆ ರೋಗವೇ.

ಮನೆಯಲ್ಲಿ ನನ್ನ ತಟ್ಟೆ-ಲೋಟಗಳು ಬೇರೆಯಾದವು. ಮಗಳು ಬಾಗಿಲ ಬಳಿಯೇ ನಿಂತು ಮಾತನಾಡಿಸತೊಡಗಿದಳು. ಊರಿನಲ್ಲಿದ್ದ ತಾಯಿಗೆ ವಿಷಯವನ್ನೇ ತಿಳಿಸಲಿಲ್ಲ. ಐದು ತಿಂಗಳು ತಪ್ಪದೆ ಮಾತ್ರೆ ನುಂಗಿದರೂ ಉಬ್ಬಸ ಕಡಿಮೆಯಾಗಲಿಲ್ಲ. ಕಡೆಗೆ ನಮ್ಮ ಸಂಘದ ಸದಸ್ಯರಾದ, ನಿವೃತ್ತ ವೈದ್ಯರಾದ ಹಿರಿಯರೊಬ್ಬರಿಗೆ ಕಾಗದಪತ್ರಗಳನ್ನೆಲ್ಲ ತೋರಿಸಿದೆ. ಅವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ‘‘ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿದೆಯೇ?’’ ಎಂದು ಕೇಳಿದರು. ಸಿಕ್ಕಿರಲಿಲ್ಲ. ತೋಳಿಗೆ ಚುಚ್ಚಿ ಮಾಡುವ ಮಾಂಟೂ ಪರೀಕ್ಷೆಯಲ್ಲಿಯೂ ಏನೂ ಏಳಲಿಲ್ಲ. ಅವರ ಸಲಹೆಯಂತೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಶ್ವಾಸನಾಳದೊಳಕ್ಕೆ ದುರ್ಬೀನು ಇಳಿಸಿ, ಸೂಜಿಯಿಂದ ಗ್ರಂಥಿಯ ಚೂರನ್ನು ತೆಗೆದು ಪರೀಕ್ಷಿಸಿದರು. ರೋಗದ ಹೆಸರು ಸಾರ್ಕಾಯ್ಡೋಸಿಸ್ ಎಂದು ತಿಳಿಯಿತು. ಅದು ಅಂಟುವ ರೋಗವಲ್ಲವೆಂದು ವೈದ್ಯರು ಹೇಳಿದ ದಿನ ನನ್ನ ತಟ್ಟೆ ಮರಳಿ ಎಲ್ಲರ ತಟ್ಟೆಗಳೊಡನೆ ಸೇರಿತು.

ರೋಗದ ಸ್ವರೂಪ

ಈ ರೋಗವನ್ನು ಲಂಡನ್ನಿನ ಜೊನಾಥನ್ ಹಚಿನ್‌ಸನ್ ಎಂಬ ವೈದ್ಯರು 1877ರಲ್ಲಿ ಚರ್ಮರೋಗವೆಂದೇ ಮೊದಲು ವರ್ಣಿಸಿದರು. 1899ರಲ್ಲಿ ನಾರ್ವೆಯ ಸೀಸರ್ ಬೋಕ್ ಅವರು ಚರ್ಮದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಅವು ಒಂದು ಬಗೆಯ ಮಾಂಸದ ಗಡ್ಡೆಗಳನ್ನು ಹೋಲುತ್ತವೆಯೆಂದು ಸಾರ್ಕಾಯ್ಡ್ ಎಂಬ ಹೆಸರನ್ನು ಬಳಸಿದರು. ಅನಂತರದ ಸಂಶೋಧನೆಗಳಿಂದ ಇದು ಚರ್ಮಕ್ಕೆ ಸೀಮಿತವಾದ ರೋಗವಲ್ಲ, ಶರೀರದ ಯಾವ ಅಂಗವನ್ನಾದರೂ ಮುಟ್ಟಬಲ್ಲದು ಎಂಬುದು ಸ್ಪಷ್ಟವಾಯಿತು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಶ್ವಾಸಕೋಶ ಅಥವಾ ಎದೆಯ ದುಗ್ಧಗ್ರಂಥಿಗಳು ಇದಕ್ಕೆ ಈಡಾಗುತ್ತವೆ. ಕಣ್ಣು, ಚರ್ಮ, ಯಕೃತ್ತು, ಹೃದಯ, ನರಗಳೂ ಇದರಿಂದ ಹೊರತಲ್ಲ.

ರೋಗದ ಮೂಲ ಕಾರಣವು ಇಂದಿಗೂ ನಿಶ್ಚಿತವಾಗಿ ತಿಳಿದಿಲ್ಲ. ಶರೀರದ ರಕ್ಷಣಾ ವ್ಯವಸ್ಥೆಯ ಜೀವಕೋಶಗಳು ಯಾವುದೋ ಶತ್ರುವನ್ನು ಮುತ್ತಿದಂತೆ ಒಂದೆಡೆ ಗುಂಪುಗೂಡಿ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಇವಕ್ಕೆ ಗ್ರಾನ್ಯುಲೋಮಾ ಎಂದು ಹೆಸರು. ಕ್ಷಯದಲ್ಲಿಯೂ ಇಂಥವೇ ಗಂಟುಗಳಿರುತ್ತವೆ. ಆದರೆ ಅಲ್ಲಿ ಗಂಟಿನ ನಡುಭಾಗವು ಸಾಮಾನ್ಯವಾಗಿ ಕೊಳೆತು ಗಿಣ್ಣಿನಂತಾಗುತ್ತದೆ, ಕ್ರಿಮಿಯೂ ಸಿಗಬಹುದು. ಸಾರ್ಕಾಯ್ಡೋಸಿಸ್‌ನಲ್ಲಿ ಸಾಮಾನ್ಯವಾಗಿ ಹಾಗೆ ಕೊಳೆಯುವುದಿಲ್ಲ, ಕ್ರಿಮಿಯೂ ಇರುವುದಿಲ್ಲ. ಈ ಭೇದವು ಅತಿ ಮುಖ್ಯವಾದುದು. ಸಾರ್ಕಾಯ್ಡೋಸಿಸ್‌ಗೆ ಕ್ಷಯದ ಮಾತ್ರೆ ಕೊಟ್ಟರೆ ಕಾಲ ವ್ಯರ್ಥವಾಗುತ್ತದೆ. ಕ್ಷಯಕ್ಕೆ ಸಾರ್ಕಾಯ್ಡೋಸಿಸ್‌ನ ಸ್ಟಿರಾಯ್ಡ್ ಮಾತ್ರೆಯನ್ನಷ್ಟೇ ಕೊಟ್ಟರೆ ರೋಗ ಹರಡಿ ಪ್ರಾಣಕ್ಕೇ ಸಂಚಕಾರ ಬರಬಹುದು.

ಸಮಾಧಾನದ ಸಂಗತಿಯೆಂದರೆ, ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕೆಲವು ವರ್ಷಗಳೊಳಗೆ ಈ ಗಂಟುಗಳು ತಾವಾಗಿಯೇ ಕರಗುತ್ತವೆ. ಅನೇಕರಿಗೆ ಔಷಧಿಯೇ ಬೇಕಾಗುವುದಿಲ್ಲ. ಆದರೆ ಕೆಲವರಲ್ಲಿ, ಹೆಚ್ಚೆಂದರೆ ಐದರಲ್ಲಿ ಒಬ್ಬರಲ್ಲಿ, ಗಂಟು ಇದ್ದ ಜಾಗವು ನಾರುಗಟ್ಟುತ್ತದೆ. ಗಾಯ ಮಾಗಿದ ಮೇಲೆ ಚರ್ಮದ ಮೇಲೆ ಕಲೆ ಉಳಿಯುವಂತೆ ಶ್ವಾಸಕೋಶದೊಳಗೂ ಕಲೆ ಉಳಿಯುತ್ತದೆ. ಚರ್ಮದ ಕಲೆಯಿಂದ ಅಂದ ಕೆಡಬಹುದು, ಅಷ್ಟೇ. ಶ್ವಾಸಕೋಶದ ಕಲೆಯಿಂದ ಉಸಿರಿಗೇ ಎಡೆ ಕಡಿಮೆಯಾಗುತ್ತದೆ, ಮತ್ತು ಒಮ್ಮೆ ಮೂಡಿದ ಕಲೆಯನ್ನು ಅಳಿಸುವ ಔಷಧಿಯಿಲ್ಲ. ಆದುದರಿಂದ ಪ್ರತಿ ರೋಗಿಯ ಮನಸ್ಸಿನಲ್ಲಿಯೂ ಕೊರೆಯುವ ಪ್ರಶ್ನೆ ಇದೇ: ನನ್ನ ಎದೆಯೊಳಗೆ ಈಗ ಕಲೆ ಕಟ್ಟುತ್ತಿದೆಯೇ, ಇಲ್ಲವೇ?

ಕಲೆಯ ಕಚ್ಚಾವಸ್ತು

ಕಲೆಯ ಮುಖ್ಯ ವಸ್ತು ಕೊಲಾಜನ್ ಎಂಬ ಪ್ರೋಟೀನು. ಈ ಹೆಸರು ಗ್ರೀಕ್ ಭಾಷೆಯ ‘ಅಂಟು’ ಎಂಬ ಅರ್ಥದ ಶಬ್ದದಿಂದ ಬಂದಿದೆ. ಪ್ರಾಣಿಗಳ ಚರ್ಮ, ಎಲುಬುಗಳನ್ನು ಬೇಯಿಸಿದಾಗ ಬರುವ ಅಂಟು ಈ ಪ್ರೋಟೀನಿನದೇ ರೂಪಾಂತರ. ನಮ್ಮ ಶರೀರದ ಪ್ರೋಟೀನಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಲಾಜನ್ನೇ. ಎಲುಬು, ಚರ್ಮ, ಸ್ನಾಯುರಜ್ಜು, ರಕ್ತನಾಳ ಎಲ್ಲವೂ ಇದರ ಬಲದಿಂದಲೇ ನಿಂತಿವೆ. ಇದರಲ್ಲಿ ಇಪ್ಪತ್ತೆಂಟು ಬಗೆಗಳನ್ನು ಗುರುತಿಸಲಾಗಿದೆ. ಶ್ವಾಸಕೋಶದ ಮಟ್ಟಿಗೆ ಒಂದನೆಯ ಮತ್ತು ಮೂರನೆಯ ಬಗೆಗಳು ಪ್ರಧಾನವಾದವು.

ಈ ಪ್ರೋಟೀನಿನ ರಚನೆಯನ್ನು ಬಿಡಿಸಿದ ಕೀರ್ತಿಯಲ್ಲಿ ಭಾರತೀಯರಿಗೆ ಹಿರಿಯ ಪಾಲಿದೆ. ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ಕಾಂಗರೂ ಬಾಲದ ಸ್ನಾಯುರಜ್ಜುವಿನ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಕೊಲಾಜನ್ ಎಂದರೆ ಒಂದರೊಡನೊಂದು ಹೆಣೆದುಕೊಂಡ ಮೂರು ಎಳೆಗಳೆಂದು 1954 ಮತ್ತು 1955ರಲ್ಲಿ ಪ್ರಕಟಿಸಿದರು. ಮೂರೆಳೆಯ ಜಡೆಯನ್ನು ನೆನೆದುಕೊಂಡರೆ ಅದರ ಸ್ಥೂಲ ಕಲ್ಪನೆ ಬರುತ್ತದೆ. ಹಿಂದೆ ಸರ್ ಸಿ. ವಿ. ರಾಮನ್ ಅವರ ಬಳಿ ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದ್ದ ರಾಮಚಂದ್ರನ್ ಅವರು ಮುಂದೆ ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಗೇ ಮರಳಿ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರೆಂಬುದು ಕನ್ನಡಿಗರಾದ ನಮಗೆ ಅಭಿಮಾನದ ವಿಷಯ.

ಜೀವಕೋಶವು ಈ ಜಡೆಯನ್ನು ಹೆಣೆಯುವಾಗ ಅದರ ಎರಡು ತುದಿಗಳಲ್ಲಿಯೂ ಒಂದೊಂದು ಹೆಚ್ಚಿನ ತುಂಡನ್ನು ಸೇರಿಸಿರುತ್ತದೆ. ಈ ಸ್ಥಿತಿಯಲ್ಲಿ ಅದರ ಹೆಸರು ಪ್ರೊಕೊಲಾಜನ್. ಜಡೆ ಜೀವಕೋಶದಿಂದ ಹೊರಬಂದು ನಾರಾಗಿ ಸೇರಿಕೊಳ್ಳುವಾಗ ಕಿಣ್ವಗಳು ಆ ತುದಿಯ ತುಂಡುಗಳನ್ನು ಕತ್ತರಿಸಿಹಾಕುತ್ತವೆ. ನಾರು ಅಂಗದಲ್ಲಿಯೇ ಉಳಿಯುತ್ತದೆ. ಕತ್ತರಿಸಿದ ತುಂಡು ರಕ್ತಕ್ಕೆ ಸೇರುತ್ತದೆ. ನಮ್ಮ ಬ್ಯಾಂಕಿನ ರೂಢಿಯಲ್ಲಿ ಹೇಳುವುದಾದರೆ ಇವು ಕೌಂಟರ್‌ಫಾಯಿಲ್‌ಗಳು. ಹಣ ಕಟ್ಟಿದ ಚಲನ್ ಬ್ಯಾಂಕಿನಲ್ಲಿ ಉಳಿದು, ಹರಿದ ಕೌಂಟರ್‌ಫಾಯಿಲ್ ಹೊರಗೆ ಹೋಗುತ್ತದೆಯಲ್ಲವೇ? ಕೌಂಟರ್‌ಫಾಯಿಲ್‌ಗಳನ್ನು ಎಣಿಸಿದರೆ ಎಷ್ಟು ಚಲನ್‌ಗಳು ಬಂದಿವೆಯೆಂದು ಊಹಿಸಬಹುದು. ಅದರಂತೆ ರಕ್ತದಲ್ಲಿ ಈ ತುಂಡುಗಳನ್ನು ಅಳೆದರೆ ಶರೀರದಲ್ಲಿ ಎಷ್ಟು ಕೊಲಾಜನ್ ತಯಾರಾಗುತ್ತಿದೆಯೆಂದು ಅಂದಾಜು ಮಾಡಬಹುದು. ಮೂರನೆಯ ಬಗೆಯ ಕೊಲಾಜನ್ನಿನ ತುಂಡಿಗೆ ಪಿ-3-ಎನ್‌ಪಿ ಎಂದೂ, ಒಂದನೆಯ ಬಗೆಯದಕ್ಕೆ ಪಿ-1-ಎನ್‌ಪಿ ಎಂದೂ ಸಂಕ್ಷೇಪವಾಗಿ ಕರೆಯುತ್ತಾರೆ.

ನಾನು ಮಾಡಿದ ತಪ್ಪು

ನನಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ಆರಂಭಿಸಿದ ಕೆಲವೇ ವಾರಗಳಲ್ಲಿ ಉಬ್ಬಸ ಇಳಿಯಿತು. ಆದರೆ ಮುಖ ಊದಿತು, ರಕ್ತದ ಸಕ್ಕರೆ ಏರಿತು, ರಾತ್ರಿ ನಿದ್ರೆ ಹಾರಿತು. ಈ ಮಾತ್ರೆಯಿಂದ ಯಾವಾಗ ಮುಕ್ತಿ ಎಂಬುದೇ ನಿತ್ಯದ ಚಿಂತೆಯಾಯಿತು. ದೀರ್ಘಕಾಲ ಸ್ಟಿರಾಯ್ಡ್ ಸೇವಿಸುವವರ ಎಲುಬು ಸವೆಯುವುದರಿಂದ ಎಂಟನೆಯ ತಿಂಗಳಿನಲ್ಲಿ ವೈದ್ಯರು ಎಲುಬಿಗೆ ಸಂಬಂಧಿಸಿದ ಪರೀಕ್ಷೆಗಳನ್ನು ಮಾಡಿಸಿದರು. ಆ ವರದಿಯಲ್ಲಿ ‘ಪ್ರೊಕೊಲಾಜನ್’ ಎಂಬ ಶಬ್ದವು ನನ್ನ ಕಣ್ಣಿಗೆ ಬಿತ್ತು. ಅಂಕಿ ಕೆಳಮಿತಿಗಿಂತಲೂ ತುಸು ಕಡಿಮೆಯಿತ್ತು.

ಸಾರ್ಕಾಯ್ಡೋಸಿಸ್ ಮತ್ತು ಕೊಲಾಜನ್ನಿನ ಸಂಬಂಧವನ್ನು ಕುರಿತು ಅಷ್ಟಿಷ್ಟು ಓದಿಕೊಂಡಿದ್ದ ನನಗೆ ಸಂತೋಷಕ್ಕೆ ಪಾರವೇ ಇಲ್ಲದಾಯಿತು. ಕೊಲಾಜನ್ ತಯಾರಿ ತಗ್ಗಿದೆ. ಎಂದರೆ ಕಲೆ ಕಟ್ಟುತ್ತಿಲ್ಲ. ಎಂದರೆ ಮಾತ್ರೆಯ ಅಗತ್ಯವಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ವೈದ್ಯರ ಮುಂದಿನ ಭೇಟಿಗೆ ಇನ್ನೂ ಎರಡು ತಿಂಗಳಿತ್ತು. ಯಾರಿಗೂ ಹೇಳದೆ ಹದಿನೈದೇ ದಿನಗಳಲ್ಲಿ ಮಾತ್ರೆಯನ್ನು ಪೂರ್ತಿಯಾಗಿ ನಿಲ್ಲಿಸಿಬಿಟ್ಟೆ. ಊಟದ ನಂತರ ಮಾತ್ರೆ ತೆಗೆದುಕೊಂಡಿರಾ ಎಂದು ಹೆಂಡತಿ ಕೇಳಿದಾಗ ಹೌದೆಂದು ಸುಳ್ಳನ್ನೂ ಹೇಳಿದೆ.

ಪರಿಣಾಮ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಮೊದಲು ಕೈಕಾಲು ಸೋತವು, ಹಸಿವು ಹೋಯಿತು. ತಿಂಗಳ ಕೊನೆಯ ಕೆಲಸದ ಒತ್ತಡದಲ್ಲಿ ಒಂದು ಮಧ್ಯಾಹ್ನ ಕುರ್ಚಿಯಿಂದ ಏಳುವಾಗ ಕಣ್ಣು ಕತ್ತಲಿಟ್ಟು ಮೇಜಿನ ಬಳಿಯೇ ಕುಸಿದುಬಿದ್ದೆ. ಹೊರಗಿನಿಂದ ಬಹುಕಾಲ ಸ್ಟಿರಾಯ್ಡ್ ದೊರೆತರೆ ಶರೀರವು ತಾನೇ ತಯಾರಿಸುವ ಸ್ಟಿರಾಯ್ಡನ್ನು ನಿಲ್ಲಿಸಿಬಿಡುತ್ತದೆ. ಥಟ್ಟನೆ ಮಾತ್ರೆ ಬಿಟ್ಟರೆ ಪ್ರಾಣಾಪಾಯವೂ ಉಂಟೆಂದು ನನಗೆ ತಿಳಿದದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ. ಅಷ್ಟರಲ್ಲಿ ಉಬ್ಬಸವೂ ಮರಳಿತ್ತು. ಉಸಿರಾಟದ ಸಾಮರ್ಥ್ಯದ ಪರೀಕ್ಷೆಯಲ್ಲಿ ಹಿಂದೆ ಗಳಿಸಿದ್ದ ಅಂಕಿಗಳು ಕೆಳಗಿಳಿದಿದ್ದವು.

ನೋಡಲು ಬಂದ ಹಿರಿಯ ವೈದ್ಯರ ಕೈಗೆ, ಸಮರ್ಥನೆಗೆಂಬಂತೆ, ಆ ವರದಿಯನ್ನು ಕೊಟ್ಟೆ. ಅವರು ಓದಿ ತಲೆಯಾಡಿಸಿದರು. ‘‘ಅಲ್ಲ ಮಾರಾಯರೇ, ಎಲುಬಿನ ಖಾತೆಯನ್ನು ಓದಿ ಶ್ವಾಸಕೋಶದ ಖಾತೆಯನ್ನು ಮುಚ್ಚಿಬಿಟ್ಟಿರಲ್ಲ!’’ ಎಂದರು.

ಯಾವ ಶಾಖೆಯ ಕೌಂಟರ್‌ಫಾಯಿಲ್?

ಅವರು ಅಂದು ಸಂಜೆ ವಿವರಿಸಿದ್ದನ್ನು, ಅನಂತರ ನಾನು ಓದಿ ದೃಢಪಡಿಸಿಕೊಂಡದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ರಕ್ತವು ನಮ್ಮ ಪ್ರಧಾನ ಕಚೇರಿಯಿದ್ದಂತೆ. ಎಲ್ಲ ಶಾಖೆಗಳ ಕೌಂಟರ್‌ಫಾಯಿಲ್‌ಗಳೂ ಅಲ್ಲಿ ಬಂದು ಬೀಳುತ್ತವೆ. ಆದರೆ ಯಾವುದರ ಮೇಲೂ ಶಾಖೆಯ ಮುದ್ರೆಯಿರುವುದಿಲ್ಲ. ರಕ್ತದಲ್ಲಿರುವ ಪಿ-1-ಎನ್‌ಪಿಯ ಬಹುಪಾಲು ಬರುವುದು ಎಲುಬಿನಿಂದ. ಆದುದರಿಂದಲೇ ಎಲುಬಿನ ರೋಗಗಳಲ್ಲಿ ಅದನ್ನು ಅಳೆಯುತ್ತಾರೆ. ಸ್ಟಿರಾಯ್ಡ್ ಮಾತ್ರೆಯು ಎಲುಬು ಕಟ್ಟುವ ಕೆಲಸವನ್ನು ಕುಗ್ಗಿಸುವುದರಿಂದ ಈ ಅಂಕಿ ಇಳಿಯುತ್ತದೆ. ನಾನು ಯಾವುದನ್ನು ಶ್ವಾಸಕೋಶದ ಶುಭವಾರ್ತೆಯೆಂದು ಓದಿದೆನೋ ಅದು ವಾಸ್ತವದಲ್ಲಿ ನನ್ನ ಎಲುಬುಗಳ ದೂರಾಗಿತ್ತು.

ಎರಡನೆಯದಾಗಿ, ಪಿ-3-ಎನ್‌ಪಿ ಎಂಬುದು ಮೃದು ಅಂಗಗಳ ಕಲೆಗೆ ಹತ್ತಿರವಾದ ಸೂಚಕ. ಆದರೂ ಅದು ಶ್ವಾಸಕೋಶಕ್ಕೆ ಮಾತ್ರ ಸೇರಿದ್ದಲ್ಲ. ಯಕೃತ್ತಿನ ನಾರುಗಟ್ಟುವಿಕೆಯಲ್ಲಿ ಅದು ಏರುತ್ತದೆ. ಸೋರಿಯಾಸಿಸ್ ಚರ್ಮರೋಗಕ್ಕೆ ಮೆಥೊಟ್ರೆಕ್ಸೇಟ್ ಸೇವಿಸುವವರ ಯಕೃತ್ತಿನ ಮೇಲೆ ಕಣ್ಣಿಡಲು ಬ್ರಿಟನ್ನಿನಲ್ಲಿ ಈ ಪರೀಕ್ಷೆ ಬಳಕೆಯಲ್ಲಿ ಬಂದಿತು. ಬೆಳೆಯುವ ಮಕ್ಕಳಲ್ಲಿ ಅದು ಸಹಜವಾಗಿಯೇ ಹೆಚ್ಚು. ಬೆಳವಣಿಗೆಯ ಹಾರ್ಮೋನನ್ನು ಕದ್ದು ಚುಚ್ಚಿಸಿಕೊಳ್ಳುವ ಕ್ರೀಡಾಪಟುಗಳಲ್ಲಿಯೂ ಏರುವುದರಿಂದ 2012ರ ಲಂಡನ್ ಕ್ರೀಡಾಕೂಟದಲ್ಲಿ ಅಂಥವರನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ ಇದನ್ನೂ ಅಳೆದರು. ಒಂದೇ ಅಂಕಿಯು ರೋಗಿಯ ಯಕೃತ್ತನ್ನೂ ಮಗುವಿನ ಬೆಳವಣಿಗೆಯನ್ನೂ ಭಾರ ಎತ್ತುವವನ ಕಳ್ಳತನವನ್ನೂ ಸೂಚಿಸಬಲ್ಲದೆಂದರೆ ಅದರಿಂದ ಅವಸರದ ತೀರ್ಮಾನಕ್ಕೆ ಬರುವುದು ಎಷ್ಟು ಅಪಾಯಕರವೆಂಬುದನ್ನು ವಾಚಕರೇ ಯೋಚಿಸಬಹುದು.

ಮೂರನೆಯದಾಗಿ, ಈ ತುಂಡುಗಳನ್ನು ರಕ್ತದಿಂದ ತೆಗೆದುಹಾಕುವ ಕೆಲಸ ಮುಖ್ಯವಾಗಿ ಯಕೃತ್ತಿನದು. ಯಕೃತ್ತು ಕೆಟ್ಟಿದ್ದರೆ ತಯಾರಿ ಹೆಚ್ಚಾಗದೆಯೂ ಅಂಕಿ ಏರಬಹುದು. ಅಲ್ಲದೆ ಮೂರನೆಯ ಬಗೆಯ ಕೊಲಾಜನ್ನಿನಲ್ಲಿ ಕೆಲವು ತುಂಡುಗಳು ಆಗಲೇ ಕತ್ತರಿಸಲ್ಪಡದೆ ನಾರಿನಲ್ಲಿಯೇ ಉಳಿದು, ಹಳೆಯ ನಾರು ಕರಗುವಾಗ ಬಿಡುಗಡೆಯಾಗುತ್ತವೆ. ಎಂದರೆ ಏರಿದ ಅಂಕಿಯಲ್ಲಿ ಕಟ್ಟುವಿಕೆಯ ಜೊತೆಗೆ ಕೆಡಹುವಿಕೆಯ ಪಾಲೂ ಸೇರಿರಬಹುದು.

ನಾಲ್ಕನೆಯದು, ಲೆಕ್ಕ ಬಲ್ಲವನಾಗಿ ನಾನೇ ಅರಿಯಬೇಕಾಗಿದ್ದ ಮಾತು. ಈ ಪರೀಕ್ಷೆಯು ಇಂದಿನ ವ್ಯವಹಾರವನ್ನು ತೋರಿಸುತ್ತದೆ, ಇದುವರೆಗಿನ ಶಿಲ್ಕನ್ನಲ್ಲ. ಹಿಂದೆಯೇ ಕಟ್ಟಿ ನಿಂತ ಕಲೆ ಎಷ್ಟೆಂಬುದು ಸಿ.ಟಿ. ಚಿತ್ರದಲ್ಲಿ ಕಾಣಬೇಕೇ ಹೊರತು ರಕ್ತದಲ್ಲಲ್ಲ. ಇಂದಿನ ವ್ಯವಹಾರ ಕಡಿಮೆಯಿದ್ದ ಮಾತ್ರಕ್ಕೆ ಹಳೆಯ ಬಾಕಿ ತೀರಿದಂತಾಗುವುದಿಲ್ಲ.

ಹಾಗಾದರೆ ಈ ಸೂಚಕಗಳಿಗೆ ಬೆಲೆಯಿಲ್ಲವೇ? ಹಾಗೆಂದಲ್ಲ. 1980ರ ದಶಕದಿಂದಲೇ ಸಂಶೋಧಕರು ಸಾರ್ಕಾಯ್ಡೋಸಿಸ್ ರೋಗಿಗಳಲ್ಲಿ ಇವುಗಳನ್ನು ಅಳೆಯುತ್ತ ಬಂದಿದ್ದಾರೆ. ಈ ಅಳತೆಯ ವಿಧಾನಗಳನ್ನು ರೂಪಿಸುವುದರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಹಳವಾಗಿ ದುಡಿದಿದ್ದಾರೆ. ಶ್ವಾಸಕೋಶದ ಒಂದು ಭಾಗಕ್ಕೆ ಉಪ್ಪುನೀರನ್ನು ಹಾಯಿಸಿ ಮರಳಿ ಹೀರಿ ತೆಗೆದ ದ್ರವದಲ್ಲಿ ಈ ತುಂಡುಗಳನ್ನು ಹುಡುಕಿದರೆ, ಅವು ಆ ಜಾಗದಿಂದಲೇ ಬಂದವೆಂದು ಹೆಚ್ಚಿನ ಭರವಸೆಯಿಂದ ಹೇಳಬಹುದು. ಶಾಖೆಗೇ ಹೋಗಿ ತಪಾಸಣೆ ಮಾಡಿದಂತೆ. ಆದರೆ ರಕ್ತದ ಅಂಕಿಯು ಸದಾ ಅದಕ್ಕೆ ತಾಳೆಯಾಗುವುದಿಲ್ಲ. ಆದುದರಿಂದ ಸಂಶೋಧನೆಯಲ್ಲಿ ಉಪಯುಕ್ತವಾದ ಈ ಪರೀಕ್ಷೆ, ಒಬ್ಬ ರೋಗಿಯ ಮಾತ್ರೆಯನ್ನು ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂದು ತೀರ್ಮಾನಿಸುವ ಸಾಧನವಾಗಿಲ್ಲ.

1975ರಲ್ಲಿ ಅಮೆರಿಕದ ಜ್ಯಾಕ್ ಲೀಬರ್‌ಮನ್ ಅವರು ತೋರಿಸಿಕೊಟ್ಟ ಎ.ಸಿ.ಇ. ಎಂಬ ಪರೀಕ್ಷೆಯ ಸ್ಥಿತಿಯೂ ಬಹುಮಟ್ಟಿಗೆ ಇದೇ. ಅದು ಗಂಟುಗಳ ಚಟುವಟಿಕೆಯ ಸೂಚಕವೇ ಹೊರತು ಕಲೆಯ ಸೂಚಕವಲ್ಲ. ಅನೇಕ ರೋಗಿಗಳಲ್ಲಿ ಅದು ಏರುವುದೇ ಇಲ್ಲ. ರಕ್ತದೊತ್ತಡಕ್ಕಾಗಿ ಎನಾಲಾಪ್ರಿಲ್, ರಾಮಿಪ್ರಿಲ್ ಮುಂತಾದ ಮಾತ್ರೆಗಳನ್ನು ಸೇವಿಸುವವರಲ್ಲಿ ಅದು ತಾನಾಗಿ ತಗ್ಗುತ್ತದೆ.

ರೋಗಿಗಳು ಗಮನಿಸಬೇಕಾದುದು

ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ.

ಕ್ಷಯದ ಚಿಕಿತ್ಸೆಗೆ ತೊಡಗುವ ಮೊದಲು ಕಫದ ಪರೀಕ್ಷೆಯಲ್ಲಿ, ಅಗತ್ಯವಾದರೆ ಅಂಗದ ಚೂರಿನ ಪರೀಕ್ಷೆಯಲ್ಲಿ ಕ್ರಿಮಿ ದೊರೆತಿದೆಯೇ ಎಂದು ವಿನಯದಿಂದ ಕೇಳಿರಿ. ಹಾಗೆಂದು ವೈದ್ಯರು ಕೊಟ್ಟ ಕ್ಷಯದ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ಎಂದಿಗೂ ನಿಲ್ಲಿಸಬಾರದು.

ಸಾರ್ಕಾಯ್ಡೋಸಿಸ್ ಎಂದು ನಿಶ್ಚಯವಾದವರು ಕಣ್ಣಿಗೆ ತೊಂದರೆ ಇಲ್ಲದಿದ್ದರೂ ಒಮ್ಮೆ ನೇತ್ರತಜ್ಞರನ್ನು ಕಾಣಬೇಕು. ರಕ್ತದ ಕ್ಯಾಲ್ಸಿಯಮ್ ಪರೀಕ್ಷೆಯನ್ನೂ ಹೃದಯದ ಇ.ಸಿ.ಜಿ.ಯನ್ನೂ ಮಾಡಿಸಬೇಕು. ಅಮೆರಿಕನ್ ಥೊರಾಸಿಕ್ ಸೊಸೈಟಿ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೂ ಇವುಗಳನ್ನು ಹೇಳಿದೆ.

ವಿಟಮಿನ್ ಡಿ ಮತ್ತು ಕ್ಯಾಲ್ಸಿಯಮ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು. ಈ ರೋಗದ ಗಂಟುಗಳು ತಾವೇ ವಿಟಮಿನ್ ಡಿಯನ್ನು ಚುರುಕುಗೊಳಿಸುವುದರಿಂದ ರಕ್ತದ ಕ್ಯಾಲ್ಸಿಯಮ್ ಮಿತಿಮೀರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ನೆರೆಮನೆಯವರಿಗೆ ಒಗ್ಗಿದ ಮಾತ್ರೆ ನಮಗೆ ವಿಷವಾಗಬಹುದು.

ಕಲೆ ಬೆಳೆಯುತ್ತಿದೆಯೇ ಎಂಬುದನ್ನು ಒಂದು ದಿನದ ಒಂದು ಅಂಕಿ ಹೇಳಲಾರದು. ಉಸಿರಾಟದ ಸಾಮರ್ಥ್ಯದ ಪರೀಕ್ಷೆಗಳನ್ನು ಕಾಲಕಾಲಕ್ಕೆ ಮಾಡಿಸಿ, ಹಳೆಯ ವರದಿಗಳೊಡನೆ ಹೋಲಿಸಿ ನೋಡಬೇಕು. ಎಲ್ಲ ವರದಿಗಳನ್ನೂ ತಾರೀಕಿನ ಕ್ರಮದಲ್ಲಿ ಒಂದೇ ಕಡತದಲ್ಲಿಡಿ. ಎಲ್ಲಕ್ಕಿಂತ ಮಿಗಿಲಾಗಿ, ಸ್ಟಿರಾಯ್ಡ್ ಮಾತ್ರೆಯನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕೇ ವಿನಾ ಥಟ್ಟನೆ ನಿಲ್ಲಿಸಕೂಡದು. ಅದರ ಬಾಧೆ ಹೆಚ್ಚಾದರೆ ಬೇರೆ ಔಷಧಿಗಳೂ ಇವೆ. ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿದರೆ ದಾರಿ ತೋರುತ್ತಾರೆ.

ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ನೆಲೆಸಿದ ನಮ್ಮಂಥವರಿಗೆ ರಜೆ ಹಾಕಲು ಭಯ, ಕಾಯಿಲೆಯನ್ನು ಹೇಳಿಕೊಳ್ಳಲು ಸಂಕೋಚ. ವರದಿ ಮೊದಲು ನಮ್ಮ ಕೈಗೇ ಬರುವ ಈ ಕಾಲದಲ್ಲಿ ಕೆಂಪು ಅಕ್ಷರದ ಅಂಕಿಯನ್ನು ಕಂಡು ಹೆದರುವುದೂ, ನಮಗೆ ಅನುಕೂಲವಾದ ಅಂಕಿಯನ್ನು ಕಂಡು ಹಿಗ್ಗುವುದೂ ಬಹು ಸುಲಭ. ನನ್ನ ವೃತ್ತಿಯಲ್ಲಿ ಒಂದೇ ಚೀಟಿಯನ್ನು ನೋಡಿ ಶಾಖೆಯ ಲೆಕ್ಕ ಸರಿಯಿದೆಯೆಂದು ಯಾರಾದರೂ ಸಹಿ ಹಾಕಿದರೆ ನಾನು ಒಪ್ಪುತ್ತಿರಲಿಲ್ಲ. ನನ್ನದೇ ಶರೀರದ ವಿಷಯದಲ್ಲಿ ಅಂಥ ಸಹಿಯನ್ನು ಹಾಕಿದೆ.

ಈಗ ಮಾತ್ರೆಯ ಪ್ರಮಾಣ ವೈದ್ಯರ ಆದೇಶದಂತೆ ನಿಧಾನವಾಗಿ ಇಳಿಯುತ್ತಿದೆ. ಕಳೆದ ಸಿ.ಟಿ. ಚಿತ್ರದಲ್ಲಿ ಬಲಗಡೆಯ ಮೇಲ್ಭಾಗದಲ್ಲಿ ಸಣ್ಣದೊಂದು ಕಲೆ ಕಂಡಿದೆ. ಅದು ಹೆಂಡತಿಗೆ ಸುಳ್ಳು ಹೇಳಿದ ದಿನಗಳಲ್ಲಿ ಮೂಡಿದ್ದೋ, ಕ್ಷಯದ ಮಾತ್ರೆ ನುಂಗುತ್ತಿದ್ದ ತಿಂಗಳುಗಳಲ್ಲಿ ಮೂಡಿದ್ದೋ ಹೇಳಬಲ್ಲವರಿಲ್ಲ. ಅದು ಇನ್ನು ಬೆಳೆಯದಂತೆ ನೋಡಿಕೊಳ್ಳುವುದಷ್ಟೇ ಈಗ ಉಳಿದಿರುವ ಕೆಲಸ. ಮೇಲ್ಸೇತುವೆಯ ಮೆಟ್ಟಿಲುಗಳನ್ನು ಈಗ ಒಂದು ಸಲ ಮಾತ್ರ ನಿಂತು ಹತ್ತುತ್ತೇನೆ. ಮಾತ್ರೆಯ ಡಬ್ಬಿ ಹೆಂಡತಿಯ ವಶದಲ್ಲಿದೆ. ನಿತ್ಯವೂ ಎಣಿಸಿ ಕೊಡುತ್ತಾಳೆ.